ಅಪ್‌ಡೇಟ್: ನನ್ನ ಪೇಗನ್ ದಾರಿ ಮತ್ತು ಬೆನ್ನುಬಿದ್ದ ಸಹೋದ್ಯೋಗಿ

ಪೇಗನ್ ದಾರಿ (ಪ್ರಕೃತಿಯನ್ನು, ಹಳೆಯ ದೇವ-ದೇವತೆಗಳನ್ನು ಆರಾಧಿಸುವ ದಾರಿ) ಹಿಡಿದಿದ್ದಕ್ಕೆ ಸಹೋದ್ಯೋಗಿಯೊಬ್ಬರು 'ಯೇಸುವನ್ನು ಒಪ್ಪದಿದ್ದರೆ ನರಕವೇ ಗತಿ' ಎಂದು ಬೆನ್ನುಬಿದ್ದಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೆ. ನೀವು ಹೇಳಿದಂತೆ ವಾದಕ್ಕೆ ಇಳಿಯಲಿಲ್ಲ. "ಈ ವಿಷಯ ನನ್ನ ಹತ್ತಿರ ಇನ್ನು ಬೇಡ" ಎಂದು ನೇರವಾಗಿ ಹೇಳಿದೆ. ಮರುದಿನವೇ ಮೇಜಿನ ಮೇಲೆ ಕರಪತ್ರ! ಕೊಂಬಿನ ಸೈತಾನನ ಚಿತ್ರ, ಕೆಳಗೆ ಪೆನ್ನಿನಲ್ಲಿ ನನ್ನ ಹೆಸರು. ತುಂಬಾ ನೋವಾಯಿತು. ಸೈತಾನ ಅವರ ನಂಬಿಕೆಯವನು, ನಮ್ಮದರಲ್ಲಿ ಇಲ್ಲವೇ ಇಲ್ಲ ಅಲ್ವಾ? ಕರಪತ್ರವನ್ನು ಹಾಗೇ ಮ್ಯಾನೇಜರ್ ಕೈಗೆ ಕೊಟ್ಟೆ. ಕಾಟ ನಿಂತಿದೆ. ನನ್ನ ಪರ ಮೊದಲು ಮಾತಾಡಿದ್ದು ಒಬ್ಬ ಕ್ರೈಸ್ತ ಗೆಳತಿಯೇ.

1950ರ ದಶಕದಲ್ಲಿ ಜೆರಾಲ್ಡ್ ಗಾರ್ಡ್ನರ್ ಬ್ರಿಟನ್‌ನಲ್ಲಿ ಬೆಳಕಿಗೆ ತಂದ ವಿಕ್ಕ ಎಂಬ ಪೇಗನ್ ಪಂಥದ ಬಗ್ಗೆ ಈಗ ಓದುತ್ತಿದ್ದೇನೆ. ಅದರ ವರ್ಷಚಕ್ರದ, ಅಂದರೆ ವರ್ಷವಿಡೀ ಬರುವ, 8 ಹಬ್ಬಗಳಲ್ಲಿ ಸದ್ಯಕ್ಕೆ ಸೂರ್ಯನ 4 ಹಬ್ಬ (ಎರಡು ಅಯನ, ಎರಡು ವಿಷುವ ದಿನಗಳು) ಸಾಕು. ಗುಂಪು ಸೇರದೆ ಒಬ್ಬರೇ ಆಚರಿಸಬಹುದು ಎಂದು ತಿಳಿಸಿದವರಿಗೆ ಥ್ಯಾಂಕ್ಸ್.