ಬಾಕಿ ಇದ್ದರೂ ಬಾಕಿ ಪಟ್ಟಿ ಖಾಲಿ ಬರುತ್ತಿದೆ

ಪ್ರಶ್ನೆ: ಸರ್, ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಮಾಲು ಹಾಕಿ ಇನ್ನೂ ಹಣ ಪಡೆಯದ ರೈತರನ್ನು ಹುಡುಕಲು, ಅವರ ಸಂಖ್ಯೆ ಪಾವತಿ ಟೇಬಲ್‌ನಲ್ಲಿ ‘ನಾಟ್ ಇನ್’ (ಅದರಲ್ಲಿ ಇಲ್ಲ) ಎಂದು ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಬರೆದಿದ್ದೇನೆ. ಶನಿವಾರದವರೆಗೂ ಸರಿಯಾಗಿತ್ತು. ಸೋಮವಾರದಿಂದ ಒಂದು ಸಾಲೂ ಬರುತ್ತಿಲ್ಲ, ದೋಷದ ಸಂದೇಶವೂ ಇಲ್ಲ. ಎಲ್ಲರಿಗೂ ಹಣ ಸಂದಿದೆ ಎಂದು ಸಾಹುಕಾರರಿಗೆ ಹೇಳಿಬಿಟ್ಟೆ. ಮಧ್ಯಾಹ್ನ ಹಿರಿಯ ರೈತರೊಬ್ಬರು ತೂಕದ ಚೀಟಿ ಹಿಡಿದು ಎದುರು ನಿಂತಾಗ ನನಗೆ ಕೈಕಾಲು ಆಡಲಿಲ್ಲ.

ಉತ್ತರ: ಪಾವತಿ ಟೇಬಲ್‌ನಲ್ಲಿ ರೈತರ ಸಂಖ್ಯೆ ನಲ್ (ಏನೂ ತುಂಬದ ಖಾಲಿ) ಇರುವ ಸಾಲು ಸೇರಿಕೊಂಡಿದೆಯೇ ನೋಡಿ. ‘ಈಸ್ ನಲ್’ ಎಂದೇ ಹುಡುಕಿ. ಸಮ ಚಿಹ್ನೆ ಹಾಕಿದರೆ ಏನೂ ಸಿಗುವುದಿಲ್ಲ.

ಪ್ರಶ್ನೆ: ಸಿಕ್ಕಿತು ಸರ್. ಸೋಮವಾರ ಹಮಾಲರಿಗೆ ಕೊಟ್ಟ ಕೂಲಿಯನ್ನು ಅದೇ ಟೇಬಲ್‌ಗೆ, ರೈತರ ಸಂಖ್ಯೆ ಖಾಲಿ ಬಿಟ್ಟು, ಹಾಕಿದ್ದೇವೆ. ಒಂದೇ ಸಾಲು ಇಡೀ ಪಟ್ಟಿಯನ್ನು ಹೇಗೆ ನುಂಗಿತು?

ಉತ್ತರ: ನಲ್ ಎಂದರೆ ಸೊನ್ನೆಯಲ್ಲ, ‘ಗೊತ್ತಿಲ್ಲ’ ಎಂದು. ಪಾವತಿ ಟೇಬಲ್‌ನಲ್ಲಿ 112, 118 ಮತ್ತು ಒಂದು ನಲ್ ಇವೆ, 205ನೇ ರೈತರಿಗೆ ಹಣ ಸಂದಿಲ್ಲ ಎಂದುಕೊಳ್ಳಿ. 205 ಎಂಬುದು 112ಕ್ಕಿಂತ ಬೇರೆಯೇ? ಹೌದು, ನಿಜ. 118ಕ್ಕಿಂತ ಬೇರೆಯೇ? ಅದೂ ನಿಜ. ಆ ನಲ್‌ಗಿಂತ ಬೇರೆಯೇ? ಗೊತ್ತಿಲ್ಲ. ಮೂರೂ ನಿಜವಾದರೆ ಮಾತ್ರ ‘ನಾಟ್ ಇನ್’ ನಿಜ. ಉಳಿದವು ನಿಜವಿದ್ದು ಒಂದು ‘ಗೊತ್ತಿಲ್ಲ’ ಬಂದರೆ ಒಟ್ಟು ಉತ್ತರವೂ ‘ಗೊತ್ತಿಲ್ಲ’. ಕ್ವೆರಿಯಲ್ಲಿ ಸಾಲುಗಳನ್ನು ಸೋಸುವ ‘ವೇರ್’ ಭಾಗ ನಿಜವಾದದ್ದನ್ನಷ್ಟೇ ಒಳಗೆ ಬಿಡುತ್ತದೆ. ಹಣ ಪಡೆದವರು ಹೇಗೂ ಹೊರಗೆ, ಪಡೆಯದವರೂ ಹೊರಗೆ. ಇದು ಪೋಸ್ಟ್‌ಗ್ರೆಸ್‌ನ ತಪ್ಪಲ್ಲ, ಕ್ವೆರಿ ಬರೆಯುವ ಭಾಷೆಯಾದ ಎಸ್‌ಕ್ಯುಎಲ್‌ನ ನಿಯಮವೇ ಹೀಗೆ.

‘ನಾಟ್ ಇನ್’ ತೆಗೆದು ‘ನಾಟ್ ಎಕ್ಸಿಸ್ಟ್ಸ್’ ಬಳಸಿ, ಒಳಗಿನ ಕ್ವೆರಿಯಲ್ಲಿ ಎರಡೂ ಟೇಬಲ್‌ಗಳ ರೈತರ ಸಂಖ್ಯೆಯನ್ನು ಹೊಂದಿಸಿ. ಅದು ಹೊಂದುವ ಸಾಲು ಇದೆಯೇ ಎಂದಷ್ಟೇ ನೋಡುವುದರಿಂದ ನಲ್ ಅಡ್ಡ ಬರುವುದಿಲ್ಲ. ಹಮಾಲರ ಕೂಲಿಗೆ ಬೇರೆ ಟೇಬಲ್ ಮಾಡಿ, ರೈತರ ಸಂಖ್ಯೆಯ ಕಾಲಂ ಖಾಲಿ ಬಿಡಲಾಗದಂತೆ ‘ನಾಟ್ ನಲ್’ ನಿರ್ಬಂಧ ಹಾಕಿ.

ಪ್ರಶ್ನೆ: ಬೇರೆ ಕಾಲಂಗಳ ಖಾಲಿ ಜಾಗಕ್ಕೂ ಸೊನ್ನೆ ತುಂಬಿಬಿಡಲೇ?

ಉತ್ತರ: ದಯವಿಟ್ಟು ಬೇಡ. ಮುಂಗಡ ಕೊಟ್ಟಿಲ್ಲವೆಂದರೆ ಸೊನ್ನೆ ಸರಿ. ಒಟ್ಟು ಮೊತ್ತದಿಂದ ನಲ್ ಕಳೆದರೆ ಉಳಿಯುವುದೂ ನಲ್ ಆಗುವುದರಿಂದ ಅಲ್ಲಿ ನಲ್ ಬದಲು ಸೊನ್ನೆ ಹಿಡಿಯಲು ‘ಕೋಅಲೆಸ್’ ಬೇಕೇ ಬೇಕು. ಆದರೆ ತೇವಾಂಶ? ಎರಡು ಲೋಡ್‌ಗೆ 14, 16 ಬಂದು, ಮೂರನೆಯದನ್ನು ಅಳೆದಿಲ್ಲವೆಂದರೆ, ನಲ್ ಅನ್ನು ಲೆಕ್ಕಕ್ಕೆ ಹಿಡಿಯದೆ ಸರಾಸರಿ 15. ಸೊನ್ನೆ ತುಂಬಿದರೆ 10 ಆಗುತ್ತದೆ. ಒಣಗದ ಜೋಳ ಒಣಗಿದೆ ಎಂದು ಲೆಕ್ಕವೇ ಸುಳ್ಳು ಹೇಳುತ್ತದೆ.

ಪ್ರಶ್ನೆ ಕೇಳಿದವರು: ಕ್ವೆರಿ ಬದಲಿಸಿದೆ ಸರ್, ಏಳು ಹೆಸರು ಬಂದವು. ಚೀಟಿ ಹಿಡಿದು ಬಂದವರದೂ ಇದೆ. ಈಗಲೇ ಅವರಿಗೆ ಫೋನ್ ಮಾಡುತ್ತೇನೆ.