ಚಿಕ್ಕಪ್ಪ, ಆ ಸಾಧನಕ್ಕೆ ಉಪ್ಪುಕಾಗದ ಹಾಕಬೇಡಿ

ಚಿಕ್ಕಪ್ಪ, ಬೆಳಿಗ್ಗೆ ನೀವು ಗುಂಪಿನಲ್ಲಿ ಹಾಕಿದ್ದನ್ನು ಈಗಷ್ಟೇ ನೋಡಿದೆ. ಸ್ಲೀಪ್ ಅಪ್ನಿಯಾಕ್ಕೆಂದು, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆಗೆಂದು ಮಾಡಿಸಿದ, ರಾತ್ರಿ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಬಾಯಿಯ ಸಾಧನ ಬಲಗಡೆ ಕೆಳಗಿನ ಹಲ್ಲುಗಳನ್ನು ಒತ್ತುತ್ತಿದೆ, ಬೆಳಗಿನ ಜಾವ ಎಷ್ಟೋ ಸಲ ದಿಂಬಿನ ಮೇಲೆ ಬಿದ್ದಿರುತ್ತದೆ, ಎದ್ದ ಮೇಲೆ ಹಲ್ಲುಗಳು ಮೊದಲಿನಂತೆ ಕೂಡುವುದಿಲ್ಲ ಎಂದಿದ್ದೀರಿ. ಒಳಗಡೆ ಉಪ್ಪುಕಾಗದದಿಂದ ಸ್ವಲ್ಪ ಉಜ್ಜಿ ನೋಡುತ್ತೇನೆ, ಆಗದಿದ್ದರೆ ಪೆಟ್ಟಿಗೆಯಲ್ಲಿಟ್ಟು ಮರೆತುಬಿಡುತ್ತೇನೆ ಎಂದೂ ಸೇರಿಸಿದ್ದೀರಿ. ದಯವಿಟ್ಟು ಎರಡನ್ನೂ ಮಾಡಬೇಡಿ. ನನ್ನ ಉತ್ತರ ಉದ್ದವಾಗುತ್ತದೆ, ಚಿಕ್ಕಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಈ ವಿಷಯದಲ್ಲಿ ಅವರ ಪಾತ್ರವೂ ಇದೆ.

ನಾನು ಇಂಥ ಸಾಧನಗಳನ್ನು ಕೂರಿಸುವ ದಂತವೈದ್ಯೆ ನಿಜ, ಆದರೆ ನಿಮ್ಮ ಬಾಯಿಯನ್ನು ಕೈಯಿಟ್ಟು ನೋಡಿರುವವರು ನಿಮ್ಮ ವೈದ್ಯರು. ಅವರ ಬಳಿ ಏನು ಹೇಳಬೇಕು, ಏನು ಕೇಳಬೇಕು ಎಂಬುದಕ್ಕೆ ನನ್ನ ಮಾತನ್ನು ಇಟ್ಟುಕೊಳ್ಳಿ.

ಮೊದಲು ಒಂದು ಪ್ರಶ್ನೆ. ಹಲ್ಲಿನ ಅಚ್ಚು ಕೊಟ್ಟು ಬಂದ ಮೇಲೆ, ಸಾಧನ ಕೈಗೆ ಬರುವ ಮೊದಲು, ಬಲಗಡೆಯ ದವಡೆಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡಿದ್ದಿರಲ್ಲವೇ? ಆಗ ಇದೇ ಗುಂಪಿನಲ್ಲಿ ತಿಳಿಸಿದ್ದಿರಿ. ಇದನ್ನು ನಿಮ್ಮ ವೈದ್ಯರಿಗೆ ಹೇಳಿದ್ದೀರಾ? ಕ್ಯಾಪ್ ಹಾಕಿದವರು ಒಬ್ಬರು, ಸಾಧನ ಕೊಟ್ಟವರು ಇನ್ನೊಬ್ಬರು ಆದದ್ದರಿಂದ ಕೇಳುತ್ತಿದ್ದೇನೆ. ಸಾಧನ ತಯಾರಾಗುವುದು ಅಚ್ಚು ತೆಗೆದ ದಿನ ಹಲ್ಲುಗಳು ಹೇಗಿದ್ದವೋ ಅದಕ್ಕೆ. ಆಮೇಲೆ ಒಂದು ಹಲ್ಲಿನ ಮೈ ಕೂದಲೆಳೆಯಷ್ಟು ಬದಲಾದರೂ ಸಾಧನ ಅಲ್ಲಿ ತಡೆದು ನಿಲ್ಲುತ್ತದೆ, ಪೂರ್ತಿ ಕೆಳಗಿಳಿಯುವುದಿಲ್ಲ. ಒಂದು ಕಡೆ ಎತ್ತಿ ನಿಂತರೆ ಉಳಿದ ಹಲ್ಲುಗಳ ಮೇಲಿನ ಹಿಡಿತ ಸಡಿಲವಾಗುತ್ತದೆ. ಒತ್ತುವುದಕ್ಕೂ ಕಳಚಿ ಬೀಳುವುದಕ್ಕೂ ಈ ಒಂದೇ ಕಾರಣವಿರಬಹುದು ಎಂಬುದು ನನ್ನ ಅನುಮಾನ. ಹಲ್ಲಿಗೆ ಏನೇ ಮಾಡಿಸುವುದಿದ್ದರೂ ಅಚ್ಚು ಕೊಡುವ ಮೊದಲೇ ಮುಗಿಸಿಕೊಳ್ಳಬೇಕೆಂದು ನಾವು ಹೇಳುವುದು ಇದಕ್ಕೇ.

ಇದನ್ನು ಮನೆಯಲ್ಲೇ ಒಂದು ಮಟ್ಟಿಗೆ ನೋಡಿಕೊಳ್ಳಬಹುದು. ನಿಮ್ಮದು ಮೇಲೊಂದು ಕೆಳಗೊಂದು ಬೇರೆ ಬೇರೆ ಭಾಗವಿರುವ, ಕೆಳದವಡೆಯನ್ನು ಮುಂದಕ್ಕೆ ಸರಿಸಲು ಎರಡೂ ಬದಿಗೆ ಸ್ಕ್ರೂ ಇರುವ ಸಾಧನ. ಕನ್ನಡಿಯ ಮುಂದೆ ಕುಳಿತು ಕೆಳಗಿನ ಭಾಗವನ್ನು ಮಾತ್ರ ಹಾಕಿಕೊಳ್ಳಿ. ಎರಡು ತೋರುಬೆರಳುಗಳನ್ನು ಎರಡು ಬದಿಯ ದವಡೆಹಲ್ಲುಗಳಿರುವಲ್ಲಿ ಸಾಧನದ ಮೇಲಿಟ್ಟು, ಒಮ್ಮೆ ಎಡಬದಿಯನ್ನು, ಒಮ್ಮೆ ಬಲಬದಿಯನ್ನು ಮೆಲ್ಲಗೆ ಕೆಳಕ್ಕೆ ಒತ್ತಿ. ಒಂದು ಬದಿ ಒತ್ತಿದಾಗ ಇನ್ನೊಂದು ಬದಿ ಮೇಲೇಳುತ್ತಿದೆಯೇ? ಸಾಧನದ ಅಂಚಿಗೂ ಹಲ್ಲಿಗೂ ನಡುವೆ ಒಂದು ಕಡೆ ಮಾತ್ರ ಸಂದು ಕಾಣುತ್ತಿದೆಯೇ? ನಾಲಿಗೆಯಿಂದ ತಳ್ಳಿದರೆ ಸಲೀಸಾಗಿ ಕಳಚುತ್ತದೆಯೇ? ಸರಿಯಾಗಿ ಕೂತ ಸಾಧನ ಹೀಗೆ ಅಲುಗಾಡುವುದಿಲ್ಲ. ಎಲ್ಲ ಹಲ್ಲುಗಳನ್ನೂ ಒಂದೇ ಸಮನಾಗಿ ಅಪ್ಪಿಕೊಂಡಂತೆ ಅನ್ನಿಸುತ್ತದೆ, ನಾಲಿಗೆಗೆ ಬಗ್ಗುವುದಿಲ್ಲ, ಬೆರಳಿನಿಂದ ಎಳೆದರೆ ಮಾತ್ರ ಬರುತ್ತದೆ. ಎಳೆಯುವಾಗಲೂ ಎರಡು ಬದಿಯಿಂದ ಒಟ್ಟಿಗೆ, ಹಿಂದಿನ ಹಲ್ಲುಗಳ ಕಡೆಯಿಂದ ಎಳೆಯಬೇಕು. ಒಂದೇ ಕೈಯಲ್ಲಿ ಒಂದೇ ಬದಿಯಿಂದ ಕಿತ್ತರೆ ದಿನ ಕಳೆದಂತೆ ಆ ಬದಿ ಸಡಿಲವಾಗುತ್ತದೆ, ಸೀಳು ಬಿಡುವುದೂ ಉಂಟು.

ಇನ್ನು ನೋವಿನ ಮಾತು. ಹಾಕಿಕೊಂಡ ಕೂಡಲೇ ಸ್ವಲ್ಪ ಹೊತ್ತು ಬಿಗಿ ಎನ್ನಿಸುವುದು, ಮೊದಲ ವಾರಗಳಲ್ಲಿ ಬೆಳಿಗ್ಗೆ ಹಲ್ಲು, ಕೆನ್ನೆಯ ಸ್ನಾಯು ಜುಮುಗುಟ್ಟುವುದು, ಜೊಲ್ಲು ಹೆಚ್ಚುವುದು, ಕೆಲವರಿಗೆ ಬಾಯಿ ಒಣಗುವುದು, ಇವೆಲ್ಲ ಸಾಮಾನ್ಯ. ಬಹುಪಾಲು ತಾವಾಗಿ ತಗ್ಗುತ್ತವೆ. ಆದರೆ ಒಂದೇ ಹಲ್ಲು ಮಧ್ಯಾಹ್ನದವರೆಗೂ ನೋಯುತ್ತಿದ್ದರೆ, ಅಗಿಯುವಾಗ ಅದೊಂದೇ ಚುಳ್ಳೆನ್ನುತ್ತಿದ್ದರೆ, ವಸಡಿನಲ್ಲಿ ಹುಣ್ಣಾದರೆ, ಕಿವಿಯ ಮುಂದಿನ ಕೀಲು ಹಿಡಿದುಕೊಂಡು ಬಾಯಿ ತೆರೆಯಲು ತ್ರಾಸವಾದರೆ ಅದನ್ನು ಅಭ್ಯಾಸವಾಗಲಿ ಎಂದು ಸಹಿಸಬಾರದು. ನಿಮಗೆ ಇರುವುದು ಇದರಲ್ಲಿ ಮೊದಲನೆಯದು, ಒಂದೇ ಹಲ್ಲಿನ ನೋವು, ಇರಬಹುದು ಎಂದು ನೀವು ಬರೆದಿರುವುದರಿಂದ ಅನ್ನಿಸುತ್ತದೆ. ತೋರಿಸಲೇಬೇಕು.

ಉಪ್ಪುಕಾಗದ ಏಕೆ ಬೇಡ ಎಂದರೆ, ನೋಯುವ ಜಾಗ ಮತ್ತು ಸಾಧನ ತಾಗುತ್ತಿರುವ ಜಾಗ ಒಂದೇ ಆಗಿರಬೇಕೆಂದಿಲ್ಲ. ನಾವು ಒಳಮೈಗೆ ಗುರುತು ಹಿಡಿಯುವ ತೆಳ್ಳಗಿನ ಲೇಪ ಸವರಿ ಹಲ್ಲಿನ ಮೇಲೆ ಕೂರಿಸಿ ತೆಗೆಯುತ್ತೇವೆ. ಲೇಪ ಎಲ್ಲಿ ಅಳಿಸಿ ಹೋಗಿರುತ್ತದೋ ಅಲ್ಲಿ ಮಾತ್ರ ಸೂಜಿಮೊನೆಯಷ್ಟು ಸವೆಸುತ್ತೇವೆ. ಮತ್ತೆ ಲೇಪ, ಮತ್ತೆ ಕೂರಿಸುವುದು. ಈ ಕೆಲಸಕ್ಕೆ ತಾಳ್ಮೆ ಬೇಕು, ಕಣ್ಣಂದಾಜು ಸಾಲದು. ಮನೆಯಲ್ಲಿ ಉಜ್ಜಿದರೆ ನಿಜವಾಗಿ ಹಿಡಿತ ಕೊಡುತ್ತಿದ್ದ ಜಾಗವೇ ಹೋಗಬಹುದು, ಹೋದದ್ದನ್ನು ಮತ್ತೆ ತುಂಬುವುದು ಕಷ್ಟ. ಗೀರು ಬಿದ್ದ ಮೈಯಲ್ಲಿ ಪಾಚಿಯೂ ಬೇಗ ಕಟ್ಟುತ್ತದೆ. ಕ್ಯಾಪ್‌ನಿಂದ ಹಲ್ಲಿನ ಆಕಾರ ತುಂಬಾ ಬದಲಾಗಿದ್ದರೆ ಸವೆಸಿ ಪ್ರಯೋಜನವಿಲ್ಲ, ಹೊಸದಾಗಿ ಅಚ್ಚು ತೆಗೆದು ಕೆಳಗಿನ ಭಾಗವನ್ನು ಮತ್ತೆ ಮಾಡಬೇಕಾಗುತ್ತದೆ. ಹಾಗೆ ಹೇಳಿದರೆ ಬೇಸರ ಪಟ್ಟುಕೊಳ್ಳಬೇಡಿ.

ಇಷ್ಟು ಹಲ್ಲಿನ ಮೇಲಿನ ಹಿಡಿತದ ಮಾತಾಯಿತು. ಜನ ಇದನ್ನೇ ಇಡೀ ವಿಷಯವೆಂದುಕೊಳ್ಳುತ್ತಾರೆ. ಆದರೆ ಬೆಣ್ಣೆಯಂತೆ ಕೂತ ಸಾಧನವೂ ಕೆಳದವಡೆಯನ್ನು ಸರಿಯಾದ ಜಾಗದಲ್ಲಿ ಹಿಡಿಯದಿದ್ದರೆ ಏನೂ ಮಾಡಿದಂತಾಗುವುದಿಲ್ಲ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ, ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚುವುದು ಕಾಯಿಲೆ. ಕೆಳದವಡೆಯನ್ನು ಮುಂದಕ್ಕೆ ಹಿಡಿದರೆ ನಾಲಿಗೆಯ ಬುಡವೂ ಅದರ ಜೊತೆ ಮುಂದೆ ಬರುತ್ತದೆ, ಗಂಟಲಿನ ಪಕ್ಕದ ಗೋಡೆಗಳು ಬಿಗಿದು ದಾರಿ ಅಗಲವಾಗುತ್ತದೆ. ಎಷ್ಟು ಮುಂದಕ್ಕೆ ಎಂಬುದೇ ಪ್ರಶ್ನೆ. ನಿಮ್ಮ ದವಡೆ ಪೂರ್ತಿ ಹಿಂದಿನಿಂದ ಪೂರ್ತಿ ಮುಂದಕ್ಕೆ ಎಷ್ಟು ಚಲಿಸುತ್ತದೆ ಎಂದು ಮೊದಲ ದಿನವೇ ಅಳೆದಿರುತ್ತಾರೆ. ಆ ಚಲನೆಯ ಅರ್ಧದಿಂದ ಮೂರನೇ ಎರಡು ಭಾಗದೊಳಗೆ ಎಲ್ಲೋ ಒಂದು ಕಡೆ ಆರಂಭಿಸುವುದು ವಾಡಿಕೆ. ಅಲ್ಲಿಂದ ಮುಂದಕ್ಕೆ ಮಿಲಿಮೀಟರಿನ ಕಾಲು ಭಾಗ, ಹೆಚ್ಚೆಂದರೆ ಅರ್ಧ. ಪ್ರತಿ ಹೆಜ್ಜೆಯ ನಂತರ ಕೆಲವು ರಾತ್ರಿ ಕಾದು ನೋಡಬೇಕು.

ಆದ್ದರಿಂದ ನಿಮ್ಮ ಇನ್ನೊಂದು ಯೋಚನೆ, ಸ್ಕ್ರೂವನ್ನು ಕೊನೆಯವರೆಗೂ ತಿರುಗಿಸಿಬಿಟ್ಟರೆ ಬೇಗ ಗುಣವಾಗುತ್ತದೆ ಎಂಬುದು, ನನಗೆ ಉಪ್ಪುಕಾಗದಕ್ಕಿಂತ ಹೆಚ್ಚು ಭಯ ತಂದಿತು. ಮುಂದಕ್ಕೆ ಹೋದಷ್ಟೂ ಲಾಭ ಹೆಚ್ಚುತ್ತಲೇ ಹೋಗುವುದಿಲ್ಲ. ಕೀಲಿನ ಮೇಲೆ, ಹಲ್ಲಿನ ಮೇಲೆ ಭಾರ ಮಾತ್ರ ಹೆಚ್ಚುತ್ತದೆ, ನೋವು ತಾಳದೆ ನಡುರಾತ್ರಿ ತೆಗೆದಿಡುತ್ತೀರಿ, ಹಾಕಿಕೊಳ್ಳದ ಸಾಧನದಿಂದ ಯಾರಿಗೂ ಉಪಯೋಗವಿಲ್ಲ. ವೈದ್ಯರು ಹೇಳಿದಷ್ಟೇ ತಿರುಗಿಸಿ, ಎರಡು ಬದಿಯಲ್ಲೂ ಲೆಕ್ಕ ಸಮವಾಗಿರಲಿ. ಒಂದು ಬದಿ ಹೆಚ್ಚಾದರೆ ದವಡೆ ಓರೆಯಾಗಿ ನಿಲ್ಲುತ್ತದೆ. ತಿರುಗಿಸಿದ ದಿನ, ಯಾವ ಬದಿ, ಎಷ್ಟು ಎಂದು ಚಿಕ್ಕಮ್ಮ ಒಂದು ಪುಸ್ತಕದಲ್ಲಿ ಬರೆದಿಡಲಿ. ಈಗ ಬೀಳುತ್ತಿರುವ ಸ್ಥಿತಿಯಲ್ಲಂತೂ ಸ್ಕ್ರೂ ಮುಟ್ಟಲೇಬೇಡಿ. ಹಿಡಿತ ಸರಿಯಾಗುವ ಮೊದಲೇ ಮುಂದಕ್ಕೆ ಎಳೆದರೆ ಇನ್ನೂ ಬೇಗ ಕಳಚುತ್ತದೆ.

ಬೆಳಿಗ್ಗೆ ಹಲ್ಲು ಕೂಡುವುದಿಲ್ಲ ಎಂಬುದಕ್ಕೆ ಬರುತ್ತೇನೆ. ಇಡೀ ರಾತ್ರಿ ದವಡೆ ಮುಂದಕ್ಕೆ ನಿಂತಿದ್ದು ತಟ್ಟನೆ ಹಿಂದಿನ ಜಾಗಕ್ಕೆ ಬರುವುದಿಲ್ಲ, ಸ್ನಾಯುಗಳಿಗೆ ಸ್ವಲ್ಪ ಸಮಯ ಬೇಕು. ಇದಕ್ಕೆಂದೇ ಬೆಳಿಗ್ಗೆ ಕಚ್ಚಿಕೊಳ್ಳುವ ಒಂದು ಚಿಕ್ಕ ತುಂಡನ್ನು, ನಿಮ್ಮ ಹಲ್ಲುಗಳ ಸಹಜ ಕೂಡಿಕೆಯ ಅಚ್ಚಿರುವುದನ್ನು, ಮಾಡಿಕೊಡುತ್ತಾರೆ. ಸಾಧನ ತೆಗೆದ ಮೇಲೆ ಅದನ್ನು ಹಲ್ಲುಗಳ ನಡುವೆ ಇಟ್ಟು, ಹಿಂದಿನ ಹಲ್ಲುಗಳು ಮತ್ತೆ ತಾಗುವವರೆಗೆ ಮೆಲ್ಲಗೆ ಕಚ್ಚಬೇಕು. ನಿಮ್ಮ ಪೆಟ್ಟಿಗೆಯಲ್ಲಿ ಅದು ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ ಪಡೆಯಿರಿ. ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ, ಚಿಕ್ಕಪ್ಪ: ಎಷ್ಟೇ ಚೆನ್ನಾಗಿ ಕೂತಿದ್ದರೂ ವರ್ಷಗಳ ಮೇಲೆ ಮೇಲಿನ ಮುಂಭಾಗದ ಹಲ್ಲುಗಳು ಒಂದಿಷ್ಟು ಒಳಕ್ಕೂ ಕೆಳಗಿನವು ಒಂದಿಷ್ಟು ಹೊರಕ್ಕೂ ವಾಲುವುದು ಹಲವರಲ್ಲಿ ಕಾಣುತ್ತದೆ. ಉಸಿರಿಗೆ ಸಿಗುವ ಲಾಭದ ಮುಂದೆ ಇದನ್ನು ತೂಗಿ ನೋಡಿ ಒಪ್ಪಿಕೊಳ್ಳಬೇಕಾಗುತ್ತದೆ. ಮೊದಲ ವರ್ಷ ಆಗಾಗ, ಆಮೇಲೆ ವರ್ಷಕ್ಕೊಮ್ಮೆಯಾದರೂ ತೋರಿಸಿಕೊಳ್ಳಬೇಕೆಂಬುದು ಇದಕ್ಕಾಗಿಯೇ. ಹಲ್ಲು ಕಚ್ಚಿಕೊಂಡು ಮುಂದಿನಿಂದ ಒಂದು, ಎರಡು ಪಕ್ಕದಿಂದ ಒಂದೊಂದು ಫೋಟೋ ಇಂದೇ ತೆಗೆದಿಡಿ. ಮುಂದೆ ಹೋಲಿಸಲು ಬೇಕಾಗುತ್ತದೆ.

ಈಗ ಚಿಕ್ಕಮ್ಮನಿಗೆ. ಸಾಧನ ಬಾಯಲ್ಲಿರುವಷ್ಟು ಹೊತ್ತು ಗೊರಕೆ ಇಲ್ಲ, ಅಂದರೆ ಕೆಲಸ ಮಾಡುತ್ತಿದೆ ಎಂದಿದ್ದೀರಿ. ನಿಮ್ಮ ಕಿವಿ ಸುಳ್ಳು ಹೇಳುತ್ತಿಲ್ಲ, ಅದು ಒಳ್ಳೆಯ ಸೂಚನೆಯೇ. ಆದರೆ ಗೊರಕೆ ನಿಂತ ಮೇಲೂ ಉಸಿರು ನಿಲ್ಲುವುದು ಸದ್ದಿಲ್ಲದೆ ಮುಂದುವರಿಯಬಹುದು. ಕನಿಷ್ಠ ಹತ್ತು ಸೆಕೆಂಡು ಉಸಿರು ನಿಂತದ್ದು ಅಥವಾ ತೀರಾ ಕ್ಷೀಣವಾದದ್ದು ಗಂಟೆಗೆ ಎಷ್ಟು ಸಲ ಎಂಬುದೇ ನಿದ್ರಾ ಪರೀಕ್ಷೆಯ ಎಎಚ್‌ಐ ಎಂಬ ಸಂಖ್ಯೆ. 5ರಿಂದ 15ರೊಳಗೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಚಿಕ್ಕಪ್ಪನ ವರದಿಯಲ್ಲಿ 22 ಇತ್ತು. ಅದು ಈಗ ಎಷ್ಟಾಗಿದೆ ಎಂದು ಪಕ್ಕದಲ್ಲಿ ಮಲಗಿ ಎಣಿಸಲು ಯಾರಿಗೂ ಆಗುವುದಿಲ್ಲ. ಹಿಡಿತ ಸರಿಯಾಗಿ, ದವಡೆಯ ಜಾಗ ಒಂದು ಕಡೆ ನಿಂತ ಮೇಲೆ, ಸಾಧನವನ್ನು ಬಾಯಲ್ಲಿಟ್ಟುಕೊಂಡೇ ಮತ್ತೊಮ್ಮೆ ನಿದ್ರಾ ಪರೀಕ್ಷೆ ಮಾಡಿಸಬೇಕು. ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ, ನನಗೆ ಅತಿ ಹೆಚ್ಚು ನೋವು ಕೊಡುವ ಸಂಗತಿ ಇದು. ಆ ಪರೀಕ್ಷೆಯಲ್ಲಿ ಸಂಖ್ಯೆ ಸಾಕಷ್ಟು ಇಳಿಯದಿದ್ದರೆ ಮುಖವಾಡದ ಮೂಲಕ ಒತ್ತಡದಿಂದ ಗಾಳಿ ಕೊಟ್ಟು ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರದ ಬಗ್ಗೆ ಮತ್ತೆ ಮಾತಾಡಬೇಕಾಗುತ್ತದೆ. ಚಿಕ್ಕಪ್ಪ, ಮುಖವಾಡದಲ್ಲಿ ಉಸಿರು ಕಟ್ಟುತ್ತದೆ ಎಂದು ನೀವು ಅದನ್ನು ಬಿಟ್ಟಿರಿ, ನನಗೆ ಅರ್ಥವಾಗುತ್ತದೆ. ಎಣಿಕೆಯನ್ನು ಇಳಿಸುವುದರಲ್ಲಿ ಆ ಯಂತ್ರದ ಕೈ ಮೇಲು. ಸಾಧನಕ್ಕಿರುವ ಅನುಕೂಲವೆಂದರೆ ಜನ ಅದನ್ನು ಹೆಚ್ಚು ಹೊತ್ತು ಹಾಕಿಕೊಂಡಿರುತ್ತಾರೆ ಎಂಬುದು. ಮೂಗನ್ನು ಮಾತ್ರ ಮುಚ್ಚುವ ಚಿಕ್ಕ ಮುಖವಾಡಗಳೂ ಇವೆ, ಯಂತ್ರ, ಸಾಧನ ಎರಡನ್ನೂ ಸೇರಿಸಿ ಬಳಸುವವರೂ ಇದ್ದಾರೆ. ಅಲ್ಲಿಯವರೆಗೆ, ಹಗಲು ತೂಕಡಿಕೆ ಬರುತ್ತಿದ್ದರೆ ವಾಹನ ಓಡಿಸಬೇಡಿ. ಇದರಲ್ಲಿ ನನ್ನದು ವಿನಂತಿಯಲ್ಲ, ಹಟ.

ಅತ್ತಿಗೆ ನಡುವೆ ಕೇಳಿದ್ದರು, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿಕೊಳ್ಳುವ ಸಿದ್ಧ ಸಾಧನ ಆನ್‌ಲೈನ್‌ನಲ್ಲಿ ಸಿಗುತ್ತದಲ್ಲ, ಅಣ್ಣನಿಗೆ ಅದು ಸಾಲದೇ ಎಂದು. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಮತ್ತು ಅಮೆರಿಕನ್ ಅಕಾಡೆಮಿ ಆಫ್ ಡೆಂಟಲ್ ಸ್ಲೀಪ್ ಮೆಡಿಸಿನ್ ಸೇರಿ 2015ರಲ್ಲಿ ಕೊಟ್ಟ ಮಾರ್ಗಸೂಚಿ ಸ್ಪಷ್ಟವಾಗಿದೆ: ಸಿದ್ಧ ಸಾಧನಕ್ಕಿಂತ ಅವರವರ ಹಲ್ಲಿನ ಅಳತೆಗೆ ಮಾಡಿದ, ಮುಂದೆ ಹಿಂದೆ ಸರಿಸಬಹುದಾದ ಸಾಧನ ಮೇಲು, ಅದನ್ನು ತರಬೇತಿ ಇರುವ ದಂತವೈದ್ಯರೇ ಕೊಡಬೇಕು, ಪರಿಣಾಮವನ್ನು ನಿದ್ರಾ ಪರೀಕ್ಷೆಯಿಂದ ನೋಡಬೇಕು. ಅಣ್ಣನಿಗೆ ಇನ್ನೂ ನಿದ್ರಾ ಪರೀಕ್ಷೆಯೇ ಆಗಿಲ್ಲ ಅತ್ತಿಗೆ, ಮೊದಲು ಅದಾಗಲಿ. ವಸಡು ಸಡಿಲವಿದ್ದರೆ, ಹಲ್ಲುಗಳು ತೀರಾ ಕಡಿಮೆ ಇದ್ದರೆ, ದವಡೆಯ ಕೀಲಿನ ತೊಂದರೆ ಇದ್ದರೆ ಬಾಯಿಯ ಸಾಧನ ಹೊಂದುವುದೇ ಕಷ್ಟ. ಗಂಟಲು ಮುಚ್ಚದೆ, ಮೆದುಳಿನ ಕಡೆಯಿಂದಲೇ ಉಸಿರಿನ ಸೂಚನೆ ತಪ್ಪುವ ಬಗೆಯ ಅಪ್ನಿಯಾಕ್ಕೆ ಇದು ಔಷಧವೇ ಅಲ್ಲ.

ತೊಳೆಯುವುದನ್ನು ಹೇಳಲು ಮರೆಯುತ್ತಿದ್ದೆ. ಬೆಳಿಗ್ಗೆ ತಣ್ಣೀರಿನಲ್ಲಿ, ಮೃದು ಬ್ರಷ್‌ನಿಂದ, ಟೂತ್‌ಪೇಸ್ಟ್ ಇಲ್ಲದೆ. ಕುದಿನೀರು ಹಾಕಿದರೆ ಆಕಾರ ಸೊಟ್ಟಗಾಗಬಹುದು, ಕಾರಿನ ಬಿಸಿಲಿನಲ್ಲಿ ಬಿಟ್ಟರೂ ಅದೇ ಗತಿ. ಕೆಲವು ಬಗೆಯವನ್ನು ಹಾಕಿಕೊಳ್ಳುವ ಮೊದಲು ಬೆಚ್ಚಗಿನ ನೀರಿನಲ್ಲಿ ಅದ್ದಲು ಹೇಳಿರುತ್ತಾರೆ, ನಿಮ್ಮದಕ್ಕೆ ಹಾಗೆ ಹೇಳಿದ್ದಾರೆಯೇ ಎಂದು ಜೊತೆಗೆ ಕೊಟ್ಟ ಚೀಟಿ ನೋಡಿ.

ಈಗ ಮಾಡಬೇಕಾದದ್ದು: ನಾಳೆಯೇ ವೈದ್ಯರಿಗೆ ಫೋನ್ ಮಾಡಿ ಸಮಯ ತೆಗೆದುಕೊಳ್ಳಿ. ಹೋಗುವಾಗ ಸಾಧನದ ಎರಡೂ ಭಾಗ, ಬೆಳಗಿನ ತುಂಡು ಇದ್ದರೆ ಅದು, ನಿದ್ರಾ ಪರೀಕ್ಷೆಯ ವರದಿ ಒಯ್ಯಿರಿ. ಸುಮ್ಮನೆ ನೋಯುತ್ತದೆ ಎನ್ನಬೇಡಿ. ಬಲಗಡೆ ಕೆಳಗೆ ಹಿಂದಿನಿಂದ ಎಷ್ಟನೆಯ ಹಲ್ಲು, ಎಷ್ಟು ಗಂಟೆಯವರೆಗೆ ನೋಯುತ್ತದೆ, ವಾರದಲ್ಲಿ ಎಷ್ಟು ರಾತ್ರಿ ಕಳಚುತ್ತದೆ ಎಂದು ಹೇಳಿ. ಕ್ಯಾಪ್ ಹಾಕಿಸಿದ್ದನ್ನು ಮೊದಲ ಮಾತಿನಲ್ಲೇ ಹೇಳಿ. ಮತ್ತೆ ತೋರಿಸಲು ಹೋದರೆ ತೊಂದರೆ ಕೊಟ್ಟಂತಾಗುತ್ತದೆ ಎಂಬ ಸಂಕೋಚ ನಿಮ್ಮದು, ನನಗೆ ಗೊತ್ತು. ಸಾಧನ ಕೊಟ್ಟ ಮೇಲೆ ಮೂರು ನಾಲ್ಕು ಸಲ ಕರೆದು ಸರಿಪಡಿಸುವುದು ಈ ಚಿಕಿತ್ಸೆಯ ಭಾಗವೇ. ಸಮಯ ಸಿಗುವವರೆಗೆ ರಾತ್ರಿ ಏನು ಮಾಡಬೇಕೆಂದು ಅವರನ್ನೇ ಫೋನಿನಲ್ಲಿ ಕೇಳಿ, ಆ ಹಲ್ಲು ತೀರಾ ನೋಯುತ್ತಿದ್ದರೆ ಹಲ್ಲು ಕಡಿದು ಸಹಿಸಬೇಡಿ. ಬೆನ್ನಿನ ಮೇಲೆ ಮಲಗದೆ ಮಗ್ಗುಲಾಗಿ ಮಲಗಿದರೆ ಅಷ್ಟು ದಿನ ಸ್ವಲ್ಪವಾದರೂ ಅನುಕೂಲ. ವೈದ್ಯರು ಏನು ಹೇಳಿದರೆಂದು ಚಿಕ್ಕಮ್ಮ ನನಗೆ ತಿಳಿಸಲಿ, ಫೋಟೋಗಳನ್ನೂ ಕಳುಹಿಸಿ.