ಟೈಟನ್‌ಫಾಲ್ 2 ಈಗ ತಗೊಂಡು ಆಡಬಹುದಾ? ಆಡಿದವರು ಅನುಭವ ಹೇಳಿ

ಶಿಫ್ಟ್ ಮುಗೀತು:
ಎಲ್ಲರಿಗೂ ನಮಸ್ಕಾರ. ಬೇರೆ ಗ್ರಹ, ದೊಡ್ಡ ರೋಬೋಟ್, ಗುಂಡಿನ ಸುರಿಮಳೆ, ಇಂಥದ್ದೊಂದು ಗೇಮ್ ಹುಡುಕುತ್ತಿದ್ದೇನೆ. ಗೆಳೆಯನೊಬ್ಬ "ಕಣ್ಣು ಮುಚ್ಚಿಕೊಂಡು ಟೈಟನ್‌ಫಾಲ್ 2 ತಗೋ" ಅಂದ. ಸೇಲ್‌ನಲ್ಲಿ ಬೆಲೆಯೂ ಇಳಿದಿದೆ. ಆದರೆ ಗೇಮ್ 2016ರದ್ದು, ಇಷ್ಟು ಹಳೇದು ಈಗ ಯಾಕೆ ಅನ್ನಿಸುತ್ತಿದೆ. ನನ್ನ ಹತ್ತಿರ ಇರುವುದು ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್. ಶಿಫ್ಟ್ ಕೆಲಸ, ವಾರಕ್ಕೆ ಮೂರು ನಾಲ್ಕು ಗಂಟೆ ಸಿಕ್ಕರೆ ಪುಣ್ಯ. ಇನ್ನೊಂದು ಪ್ರಾಬ್ಲಮ್ ಇದೆ, ಜೋರಾಗಿ ಓಡುವ ಗೇಮ್ ಆಡಿದರೆ ನನಗೆ ತಲೆ ಸುತ್ತುತ್ತದೆ. ಯೂಟ್ಯೂಬ್‌ನಲ್ಲಿ ಎಲ್ಲರೂ ಬರೀ ಹೊಗಳುತ್ತಾರೆ. ಏನು ಚೆನ್ನಾಗಿಲ್ಲ ಅನ್ನುವುದನ್ನೂ ಹೇಳಿ.

ಗೋಡೆ ಮೇಲೆ:
ತಗೊಳ್ಳಿ. ನಾನು ಮೂರು ಸಲ ಮುಗಿಸಿದ್ದೇನೆ. ಆದರೆ ಕತೆ ನೋಡಿ ತಗೋಬೇಡಿ, ಓಡೋದಕ್ಕೆ ತಗೊಳ್ಳಿ.

ಈ ಗೇಮ್‌ನಲ್ಲಿ ಬಂದೂಕಿಗಿಂತ ಕಾಲೇ ಮುಖ್ಯ. ನೆಲದ ಮೇಲೆ ಓಡುವುದಕ್ಕಿಂತ ಗೋಡೆ ಮೇಲೆ ಓಡಿದರೆ ವೇಗ ಜಾಸ್ತಿ. ಗೋಡೆಯಿಂದ ಹಾರಿ, ಗಾಳಿಯಲ್ಲೇ ಇನ್ನೊಂದು ಸಲ ಹಾರಿ, ಎದುರಿನ ಗೋಡೆ ಹಿಡಿದು, ಅಲ್ಲಿಂದ ಕೆಳಗೆ ಬೀಳುವಾಗ ಬಗ್ಗುವ ಬಟನ್ ಒತ್ತಿಕೊಂಡೇ ಇದ್ದರೆ ನೆಲಕ್ಕೆ ಬಿದ್ದರೂ ವೇಗ ಸಾಯುವುದಿಲ್ಲ, ಹಾಗೇ ಜಾರಿಕೊಂಡು ಮುಂದೆ ಹೋಗುತ್ತೀರಿ. ಮೊದಲ ಒಂದು ಗಂಟೆ ನಾನು ಬರೀ ಕೆಳಗೆ ಬಿದ್ದು ಸಾಯುತ್ತಿದ್ದೆ. ಆಮೇಲೆ ಯಾವಾಗಲೋ ಬೆರಳಿಗೆ ಹತ್ತಿಬಿಟ್ಟಿತು. ಸೈಕಲ್ ಕಲಿಯುವಾಗ ಹಿಂದೆ ಹಿಡಿದುಕೊಂಡಿದ್ದ ಅಪ್ಪ ಯಾವಾಗ ಕೈಬಿಟ್ಟರು ಅಂತ ಗೊತ್ತೇ ಆಗಲ್ಲ ಅಲ್ವಾ, ಹಾಗೆ.

ಕತೆ ಇಷ್ಟೇ. ನೀವು ಜ್ಯಾಕ್ ಕೂಪರ್ ಅನ್ನುವ ಸಾಮಾನ್ಯ ಸಿಪಾಯಿ. ಟೈಫನ್ ಅನ್ನುವ ಗ್ರಹದಲ್ಲಿ ನಿಮಗೆ ತರಬೇತಿ ಕೊಡುತ್ತಿದ್ದ ಪೈಲಟ್ (ಟೈಟನ್ ನಡೆಸುವ ಸೈನಿಕ) ಸಾಯುತ್ತಾನೆ, ಅವನ ಟೈಟನ್ ಬಿಟಿ-7274 ನಿಮ್ಮ ಪಾಲಿಗೆ ಬರುತ್ತದೆ. ಟೈಟನ್ ಅಂದರೆ ಮನೆಯೆತ್ತರದ ಯಂತ್ರ, ಒಳಗೆ ಕೂತು ನಡೆಸಬಹುದು, ಹೊರಗೆ ಇಳಿದರೂ ತಾನೇ ಯೋಚನೆ ಮಾಡುತ್ತದೆ. ಬಿಟಿಗೆ ತಮಾಷೆ ಅರ್ಥ ಆಗುವುದಿಲ್ಲ. ನೀವು ವ್ಯಂಗ್ಯವಾಗಿ ಏನಾದರೂ ಅಂದರೆ ಅದನ್ನೇ ನಿಜ ಅಂದುಕೊಂಡು ಗಂಭೀರವಾಗಿ ಉತ್ತರ ಕೊಡುತ್ತಾನೆ. (ನೋಡಿ, "ಕೊಡುತ್ತಾನೆ" ಅಂತ ಬರೆದೆ. ಎರಡನೇ ಗಂಟೆಗೆಲ್ಲ ನಿಮಗೂ ಅದು "ಅವನು" ಆಗಿಬಿಡುತ್ತಾನೆ.)

‘ಎಫೆಕ್ಟ್ ಆ್ಯಂಡ್ ಕಾಸ್’ ಅಂತ ಒಂದು ಲೆವೆಲ್ ಬರುತ್ತದೆ. ಪಾಳುಬಿದ್ದ ಒಂದು ಪ್ರಯೋಗಾಲಯ, ಬೆಂಕಿ, ಮುರಿದ ನೆಲ, ಕಾಡುಪ್ರಾಣಿಗಳು. ಕೈಗೆ ಒಂದು ಗಡಿಯಾರದಂಥ ಯಂತ್ರ ಸಿಗುತ್ತದೆ. ಬಟನ್ ಒತ್ತಿದರೆ ಅದೇ ಜಾಗ ಹಿಂದೆ ಹೇಗಿತ್ತೋ ಹಾಗೆ, ದೀಪ ಉರಿಯುತ್ತಿದೆ, ಕಾವಲುಗಾರರು ಓಡಾಡುತ್ತಿದ್ದಾರೆ. ಮತ್ತೆ ಒತ್ತಿದರೆ ಪಾಳು. ಲೋಡಿಂಗ್ ಇಲ್ಲ, ಕಾಯುವುದಿಲ್ಲ, ಕಣ್ಣು ಮಿಟುಕಿಸಿದಷ್ಟೇ ಹೊತ್ತು. ಎದುರಿಗೆ ಮೂರು ಜನ ಗುರಿ ಹಿಡಿದು ನಿಂತಿದ್ದರೆ ಬಟನ್ ಒತ್ತಿ ಕಾಲ ಬದಲಿಸಿ, ನಾಲ್ಕು ಹೆಜ್ಜೆ ಮುಂದೆ ನಡೆದು, ಮತ್ತೆ ಒತ್ತಿದರೆ ಅವರ ಬೆನ್ನ ಹಿಂದೆ ಇರುತ್ತೀರಿ. ಕೊನೆಕೊನೆಗೆ ಒಂದು ಗೋಡೆ ಹಿಂದಿನ ಕಾಲದಲ್ಲಿ ಮಾತ್ರ ಇದೆ, ಮುಂದಿನದು ಈಗ ಮಾತ್ರ ಇದೆ. ಅಂದರೆ ಒಂದು ಗೋಡೆಯಿಂದ ಹಾರಿ ಗಾಳಿಯಲ್ಲಿರುವಾಗಲೇ ಕಾಲ ಬದಲಿಸಬೇಕು. ಮೊದಲ ಸಲ ಅದು ಸರಿಯಾಗಿ ಆದಾಗ ರಾತ್ರಿ ಒಂದೂವರೆಗೆ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ, ಪಕ್ಕದ ರೂಮಿಂದ ಅಕ್ಕ ಬೈದಳು.

ಇದನ್ನು ಮಾಡಿರುವ ಉಪಾಯವೂ ಮಜವಾಗಿದೆ. ಒಂದೇ ಕಟ್ಟಡದ ಎರಡು ನಕಲನ್ನು ಒಂದರ ಮೇಲೊಂದು ಇಟ್ಟಿದ್ದಾರೆ. ಬಟನ್ ಒತ್ತಿದಾಗ ನಿಮ್ಮನ್ನು ಕೆಳಗಿನದರಿಂದ ಮೇಲಿನದಕ್ಕೆ ಎತ್ತಿ ಇಡುತ್ತಾರೆ, ಅಷ್ಟೇ. ಗೊತ್ತಾದ ಮೇಲೆ "ಅಯ್ಯೋ ಇಷ್ಟೇನಾ" ಅನ್ನಿಸುತ್ತದೆ, ಆದರೂ ಆಡುವಾಗ ಮತ್ತೆ ಮೋಸ ಹೋಗುತ್ತೀರಿ.

ಹಳೇ ಮೌಸ್:
ಮೇಲಿನವರು ಹೇಳಿದ್ದೆಲ್ಲ ನಿಜ ಗುರು, ಆದರೆ ಅರ್ಧ ನಿಜ. ಆ ಕಾಲ ಬದಲಿಸುವ ಯಂತ್ರ ಒಂದೇ ಲೆವೆಲ್. ಮುಗಿದ ಮೇಲೆ ಕಿತ್ತುಕೊಳ್ಳುತ್ತಾರೆ. ಅದಕ್ಕೂ ಮುಂಚೆ ಒಂದು ಕಾರ್ಖಾನೆ ಲೆವೆಲ್ ಇದೆ, ಕ್ರೇನುಗಳು ಗೋಡೆ, ನೆಲ, ಇಡೀ ಮನೆಗಳನ್ನೇ ಜೋಡಿಸುತ್ತಾ ಹೋಗುತ್ತವೆ, ನೀವು ಆ ಚಲಿಸುವ ಗೋಡೆಗಳ ಮೇಲೇ ಓಡಬೇಕು. ಅದ್ಭುತ. ಅದೂ ಒಂದೇ ಸಲ. ಒಗ್ಗರಣೆ ವಾಸನೆ ತೋರಿಸಿ ಊಟ ಹಾಕದೆ ಎಬ್ಬಿಸಿ ಕಳಿಸಿದ ಹಾಗೆ. ನನಗೆ ಈ ಗೇಮ್ ಮೇಲೆ ಇರುವ ದೊಡ್ಡ ಸಿಟ್ಟು ಇದೇ.

ಆಮೇಲೆ ಟೈಟನ್. ಹೆಸರೇ ಟೈಟನ್‌ಫಾಲ್, ಆದರೆ ಒಳಗೆ ಕೂತಾಗ ಗೇಮ್ ನಿಧಾನ ಆಗುತ್ತದೆ. ಈಗಷ್ಟೇ ಗೋಡೆ ಮೇಲೆ ಹಕ್ಕಿಯಂತೆ ಹಾರುತ್ತಿದ್ದವನನ್ನು ಲಾರಿ ಸ್ಟೇರಿಂಗ್ ಹಿಡಿಸಿ ಕೂರಿಸಿದಂತೆ. ಬಾಸ್‌ಗಳು (ದೊಡ್ಡ ಎದುರಾಳಿಗಳು) ಬರುತ್ತಾರೆ: ಕೇನ್, ಆ್ಯಶ್, ರಿಕ್ಟರ್, ವೈಪರ್, ಸ್ಲೋನ್. ಒಬ್ಬೊಬ್ಬರಿಗೂ ಒಂದು ಸ್ಟೈಲಾದ ಎಂಟ್ರಿ, ಎರಡು ಡೈಲಾಗ್, ಆಮೇಲೆ ಬಯಲಲ್ಲಿ ಒಬ್ಬರನ್ನೊಬ್ಬರು ಸುತ್ತುತ್ತಾ ಹೊಡೆಯೋದು, ಸತ್ತರು. ಹಡಗಿನ ಮೇಲೆ ವೈಪರ್ ಜೊತೆಗಿನ ಕಾಳಗ ಒಂದು ಬಿಟ್ಟರೆ ಮಿಕ್ಕವು ನೆನಪಿನಲ್ಲೇ ಉಳಿಯಲಿಲ್ಲ. ಕಾದಾಡುವ ಎರಡು ಪಡೆಗಳಲ್ಲಿ ಐಎಂಸಿ ಯಾರು, ಮಿಲಿಷಿಯಾ ಯಾರು, ಯಾಕೆ ಜಗಳ ಅನ್ನುವುದನ್ನು ಸರಿಯಾಗಿ ಹೇಳುವ ಗೋಜಿಗೇ ಹೋಗಿಲ್ಲ. 2014ರ ಮೊದಲ ಭಾಗ ಆಡಿದ್ದರೂ ದೊಡ್ಡ ಉಪಯೋಗ ಇಲ್ಲ, ಅದರಲ್ಲಿ ಒಬ್ಬರೇ ಆಡುವ ಕತೆಯೇ ಇರಲಿಲ್ಲ.

ಮತ್ತೆ ಉದ್ದ. ನಾನು ಶನಿವಾರ ಮಧ್ಯಾಹ್ನ ಊಟ ಮಾಡಿ ಕೂತೆ, ರಾತ್ರಿ ಊಟಕ್ಕೆ ಏಳುವಷ್ಟರಲ್ಲಿ ಮುಗಿದಿತ್ತು. ಐದಾರು ಗಂಟೆ. ಪೂರ್ತಿ ದುಡ್ಡು ಕೊಟ್ಟು ತಗೊಂಡಿದ್ದೆ, ಹೊಟ್ಟೆ ಉರಿಯಿತು.

ಗೋಡೆ ಮೇಲೆ:
@ಹಳೇ ಮೌಸ್, ಉದ್ದದ ವಿಷಯ ಒಪ್ಪಿದೆ. ಆದರೆ ಆ ಯಂತ್ರವನ್ನು ಇನ್ನೂ ನಾಲ್ಕು ಲೆವೆಲ್ ಕೊಟ್ಟಿದ್ದರೆ ಮೂರನೇದಕ್ಕೇ ಬೇಜಾರಾಗುತ್ತಿತ್ತು. ಈಗಿನ ಅರವತ್ತು ಗಂಟೆ ಗೇಮ್‌ಗಳಲ್ಲಿ ಐದನೇ ಗಂಟೆಯಲ್ಲಿ ಮಾಡಿದ್ದನ್ನೇ ಐವತ್ತನೇ ಗಂಟೆಯಲ್ಲೂ ಮಾಡುತ್ತಿರುತ್ತೀವಿ. ಕೇಳಿರುವವರಿಗೆ ವಾರಕ್ಕೆ ಸಿಗೋದೇ ಮೂರು ಗಂಟೆ ಸಾರ್.

ಹಳೇ ಮೌಸ್:
ಅವರಿಗೆ ಸರಿ ಹೋಗಬಹುದು. ನನ್ನ ಹೊಟ್ಟೆ ಉರಿ ನನಗಿರಲಿ.

ಸ್ಕ್ರೂಡ್ರೈವರ್:
ಪಿಸಿ ಬಗ್ಗೆ ಯಾರೂ ಹೇಳಲಿಲ್ಲ. ಕನಿಷ್ಠ ಬೇಕಾಗಿರೋದು ಜಿಟಿಎಕ್ಸ್ 660, 8 ಜಿಬಿ ರ‍್ಯಾಮ್, 45 ಜಿಬಿ ಜಾಗ. ನಿಮ್ಮ ಕಾರ್ಡ್ ಸಾಕು. ನಾನು ಅದೇ 1050 ಟಿಐನಲ್ಲಿ 1080ಪಿ, ಟೆಕ್ಸ್ಚರ್ ಮಧ್ಯಮ, ನೆರಳು ಕಡಿಮೆ ಇಟ್ಟು ಆರಾಮಾಗಿ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಆಡಿದ್ದೇನೆ. ರ‍್ಯಾಮ್ ಮಾತ್ರ ಟೈಟ್, ಹಿಂದೆ ಬ್ರೌಸರ್ ತೆರೆದಿಡಬೇಡಿ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತಗೊಂಡರೂ ಗೇಮ್ ಪಬ್ಲಿಷರ್‌ನ ಆ್ಯಪ್ ಬೇರೆ ಹಾಕಿಕೊಳ್ಳಬೇಕು, ಅದಕ್ಕೊಂದು ಅಕೌಂಟ್, ತಯಾರಿರಿ.

ತಲೆ ಸುತ್ತು ನನಗೂ ಇದೆ. ಸೆಟ್ಟಿಂಗ್ಸ್‌ನಲ್ಲಿ ಫೀಲ್ಡ್ ಆಫ್ ವ್ಯೂ ಅಂತ ಇರುತ್ತದೆ, ಅದನ್ನು 100ರಿಂದ 110ರವರೆಗೆ ಏರಿಸಿ. ಪರದೆಯಲ್ಲಿ ಸುತ್ತಲಿನ ಜಾಗ ಜಾಸ್ತಿ ಕಾಣಿಸಿದರೆ ಸುತ್ತು ಕಡಿಮೆ ಆಗುತ್ತದೆ. ಓಡುವಾಗ ಚಿತ್ರ ಮಸುಕಾಗಿಸುವ ಮೋಷನ್ ಬ್ಲರ್ ಕಾಣಿಸಿದರೆ ತೆಗೆದುಬಿಡಿ. ಮಾನಿಟರ್‌ನಿಂದ ಒಂದು ಅಡಿ ಹಿಂದಕ್ಕೆ ಕೂತುಕೊಳ್ಳಿ. ರೂಮಿನ ಲೈಟ್ ಆರಿಸಬೇಡಿ. ನನಗೆ ಮೊದಲ ದಿನ ಇಪ್ಪತ್ತು ನಿಮಿಷಕ್ಕೆ ವಾಂತಿ ಬರುವ ಹಾಗಾಗಿತ್ತು, ಮೂರನೇ ದಿನಕ್ಕೆ ಒಂದು ಗಂಟೆ ಆಡಿದೆ. ಆದರೂ ಆಗಲೇ ಇಲ್ಲ ಅಂದರೆ ಹಟ ಮಾಡಬೇಡಿ. ಸ್ಟೀಮ್‌ನಲ್ಲಿ ಎರಡು ಗಂಟೆಗಿಂತ ಕಡಿಮೆ ಆಡಿ, 14 ದಿನದ ಒಳಗೆ ಕೇಳಿದರೆ ದುಡ್ಡು ವಾಪಸ್ ಬರುತ್ತದೆ.

ಶಿವಮೊಗ್ಗ ಮಳೆ:
ನಾನು ಗೃಹಿಣಿ, ನಗಬೇಡಿ. ಕಾಲೇಜಿಗೆ ಹೋಗುವ ಮಗನ ಜೊತೆ ಆಡುತ್ತೇನೆ. ಎಲ್ಲರೂ ಕತೆಯ ಬಗ್ಗೆಯೇ ಬರೆದಿದ್ದೀರಿ, ಮಲ್ಟಿಪ್ಲೇಯರ್ ಬಗ್ಗೆ ನಾನು ಹೇಳುತ್ತೇನೆ.

ಆನ್‌ಲೈನ್‌ನಲ್ಲಿ ಈಗ ಉಳಿದಿರುವವರೆಲ್ಲ ಪಳಗಿದ ಕೈಗಳು. ವರ್ಷಗಟ್ಟಲೆ ಅದನ್ನೇ ಆಡಿದ್ದಾರೆ. ಕಣ್ಣಿಗೆ ಬೀಳುವ ಮುಂಚೆಯೇ ನನ್ನನ್ನು ಹೊಡೆದು ಹೋಗಿರುತ್ತಾರೆ. ಹೊಸಬರು ‘ಅಟ್ರಿಷನ್’ ಆಡಿ. ಅದರಲ್ಲಿ ಆರು ಜನ ಆರು ಜನರ ಎದುರು, ಜೊತೆಗೆ ಕಂಪ್ಯೂಟರೇ ನಡೆಸುವ ಸಿಪಾಯಿಗಳೂ ಇರುತ್ತಾರೆ. ಅವರನ್ನು ಹೊಡೆದರೂ ಪಾಯಿಂಟ್ ಬರುತ್ತದೆ, ಟೈಟನ್ ಬೇಗ ಸಿಗುತ್ತದೆ. ಆಕಾಶದಿಂದ ನಿಮ್ಮ ಟೈಟನ್ ಧೊಪ್ಪೆಂದು ಬಿದ್ದು, ಕೈಚಾಚಿ ನಿಮ್ಮನ್ನು ಎತ್ತಿ ಎದೆಯೊಳಗೆ ಕೂರಿಸಿಕೊಳ್ಳುವುದನ್ನು ನೂರು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ನನಗೆ ಇಷ್ಟವಾದದ್ದು ‘ಫ್ರಾಂಟಿಯರ್ ಡಿಫೆನ್ಸ್’. ನಾಲ್ಕು ಜನ ಒಂದೇ ಕಡೆ, ಅಲೆ ಅಲೆಯಾಗಿ ಬರುವ ಕಂಪ್ಯೂಟರ್ ಸೈನ್ಯದಿಂದ ಒಂದು ಯಂತ್ರವನ್ನು ಕಾಪಾಡಬೇಕು. ಐದು ಅಲೆ. ಯಾರೂ ಬೈಯುವುದಿಲ್ಲ. ಮಗ ಮುಂದೆ ನುಗ್ಗುತ್ತಾನೆ, ನಾನು ಹಿಂದೆ ನಿಂತು ಬಲೆ ಹಾಕುತ್ತೇನೆ, ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಟೈಟನ್ ಅಲ್ಲೇ ಬಿಟ್ಟು ಎದ್ದು ಹೋಗುತ್ತೇನೆ, ಅದು ತಾನೇ ಕಾವಲು ನಿಂತಿರುತ್ತದೆ.

ತೊಂದರೆ ಅಂದರೆ ಜನ. ಈ ಗೇಮ್ 2016ರ ಅಕ್ಟೋಬರ್ 28ಕ್ಕೆ ಬಂತು. ಒಂದು ವಾರ ಮುಂಚೆ ಬ್ಯಾಟಲ್‌ಫೀಲ್ಡ್ 1, ಒಂದು ವಾರ ಆದ ಮೇಲೆ ಹೊಸ ಕಾಲ್ ಆಫ್ ಡ್ಯೂಟಿ, ಎರಡೂ ಹೆಸರುವಾಸಿ ಗುಂಡಿನ ಗೇಮ್‌ಗಳು. ಎರಡು ಆನೆ ನಡುವೆ ಸಿಕ್ಕಿಕೊಂಡ ಹಾಗೆ. ಆಮೇಲೆ ಬಂದ ಮ್ಯಾಪುಗಳನ್ನೆಲ್ಲ (ಆಡುವ ಜಾಗಗಳನ್ನೆಲ್ಲ) ಪುಕ್ಕಟೆ ಕೊಟ್ಟರು, ಆದರೂ ಜನ ಸೇರಬೇಕಾದಷ್ಟು ಸೇರಲಿಲ್ಲ. ನಮ್ಮ ಕಡೆಯಿಂದ ಸಿಂಗಾಪುರ ಸರ್ವರ್ ಆರಿಸಿಕೊಂಡರೆ ಪಿಂಗ್ (ಸರ್ವರ್ ಉತ್ತರ ಕೊಡಲು ತಗೊಳ್ಳುವ ಸಮಯ) ಪರವಾಗಿಲ್ಲ, ರಾತ್ರಿ ಒಂಬತ್ತರ ಮೇಲೆ ಹೋದರೆ ಆಟ ಸಿಗುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಹೋದರೆ ಕಾಯುವುದೇ ಕೆಲಸ. ಮಗ ‘ನಾರ್ತ್‌ಸ್ಟಾರ್’ ಅಂತ ಒಂದು ಮಾಡ್ (ಆಟಗಾರರೇ ಮಾಡಿದ ಸೇರ್ಪಡೆ) ಹಾಕಿಕೊಟ್ಟಿದ್ದಾನೆ, ಆಟಗಾರರೇ ಸೇರಿ ನಡೆಸುವ ಸರ್ವರ್‌ಗಳು ಅದರಲ್ಲಿ ಸಿಗುತ್ತವೆ. ಗೇಮ್ ನಿಮ್ಮ ಹತ್ತಿರ ಇರಲೇಬೇಕು, ಮಾಡ್‌ಗೆ ಬೇರೆ ದುಡ್ಡಿಲ್ಲ.

ಮೊದಲ ಭಾಗದವನು:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮೊದಲ ಭಾಗದಲ್ಲಿ ಟೈಟನ್‌ಗೆ ಪೆಟ್ಟು ತಡೆಯುವ ಶೀಲ್ಡ್ ಇತ್ತು, ಸ್ವಲ್ಪ ಹೊತ್ತು ಮರೆಯಲ್ಲಿ ನಿಂತರೆ ತಾನಾಗಿ ತುಂಬಿಕೊಳ್ಳುತ್ತಿತ್ತು. ಎರಡರಲ್ಲಿ ಅದನ್ನು ತೆಗೆದುಬಿಟ್ಟರು. ಈಗ ಎದುರಾಳಿ ಟೈಟನ್ ಮೇಲೆ ಹತ್ತಿ ಅದರ ಬ್ಯಾಟರಿ ಕಿತ್ತು ತಂದು ನಿಮ್ಮವರ ಟೈಟನ್‌ಗೆ ಹಾಕಬೇಕು. ಸ್ನೇಹಿತರ ಜೊತೆ ಆಡಿದರೆ ಇದು ಭಾರಿ ಮಜ, ಯಾರೂ ಗೊತ್ತಿಲ್ಲದವರ ಜೊತೆ ಆಡಿದರೆ ಯಾವನೂ ಬ್ಯಾಟರಿ ತಂದುಕೊಡಲ್ಲ, ನಿಮ್ಮ ಟೈಟನ್ ಎರಡು ನಿಮಿಷಕ್ಕೆ ಹೊಗೆ. ಒಬ್ಬರೇ ಆಡುವವರು ಮಲ್ಟಿಪ್ಲೇಯರ್ ನೋಡಿ ದುಡ್ಡು ಹಾಕಬೇಡಿ.

ಶಿಫ್ಟ್ ಮುಗೀತು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ತಗೊಂಡೆ. ಫೀಲ್ಡ್ ಆಫ್ ವ್ಯೂ 105 ಇಟ್ಟೆ, ನಲವತ್ತು ನಿಮಿಷ ಆಡಿದೆ, ತಲೆ ಸ್ವಲ್ಪ ಭಾರ, ಅಷ್ಟೇ. ಶುರುವಿನಲ್ಲಿ ಒಂದು ಓಟದ ಪರೀಕ್ಷೆ ಇಡುತ್ತಾರಲ್ಲ, ಅದನ್ನು ಮುಗಿಸಿದ ಮೇಲೆ ಗೇಮ್ ನನಗೆ "ಈಸಿ"ಯಲ್ಲಿ ಆಡು ಅಂದಿತು. ಮಾನ ಹೋಯಿತು.

ಗೋಡೆ ಮೇಲೆ:
ಹಾಹಾ, ಅದು ನಿಮ್ಮ ಓಟದ ಟೈಮ್ ನೋಡಿ ಹೇಳೋದು, ನನಗೂ ಮೊದಲ ಸಲ ಅದನ್ನೇ ಹೇಳಿತ್ತು. ಕತೆಗೆ ಹೋಗುವ ಮುಂಚೆ ಅದೇ ಓಟ ಇನ್ನೊಂದು ಐದು ಸಲ ಓಡಿ, ಬಂದೂಕು ಮರೆತುಬಿಡಿ, ಗೋಡೆ ಮೇಲೆ ಜಾಸ್ತಿ ಹೊತ್ತು ಅಂಟಿಕೊಂಡಿರಬೇಡಿ, ಹತ್ತಿದ ತಕ್ಷಣ ಹಾರಿ.

ಶಿವಮೊಗ್ಗ ಮಳೆ:
ಈಸಿಯಲ್ಲೇ ಆಡಿ ತಮ್ಮಾ, ಯಾರು ನೋಡುತ್ತಾರೆ? ಫ್ರಾಂಟಿಯರ್ ಡಿಫೆನ್ಸ್‌ಗೆ ಬರುವುದಾದರೆ ಹೇಳಿ, ಭಾನುವಾರ ರಾತ್ರಿ ಒಂಬತ್ತೂವರೆಗೆ ಕೂತಿರುತ್ತೇವೆ, ನಾಲ್ಕನೆಯವರು ಯಾವಾಗಲೂ ಕಡಿಮೆ.